ಬಡಗು ಯಾವ ಕಡೆ, ಮಗಾ?

ನನ್ನೂರು ಪಡುಬಿದ್ರಿಯ ಹತ್ತಿರ. ನಮ್ಮ ಕಡೆ ದಿಕ್ಕು ಊರಿನ ಹೆಸರಲ್ಲೇ ಇದೆ. ಪಡುವಣಕ್ಕೆ ಪಡುಬಿದ್ರಿ, ಮೂಡಣಕ್ಕೆ ಮೂಡುಬಿದಿರೆ. ಹೆದ್ದಾರಿಯಲ್ಲಿ ಸ್ವಲ್ಪ ಹೋದರೆ ತೆಂಕ ಎರ್ಮಾಳು, ಬಡಾ ಎರ್ಮಾಳು. ಯಕ್ಷಗಾನಕ್ಕೂ ದಿಕ್ಕು ಬೇಕು, ದಕ್ಷಿಣದ ತೆಂಕುತಿಟ್ಟೋ ಉತ್ತರದ ಬಡಗುತಿಟ್ಟೋ ಹೇಳಲೇಬೇಕು. ಅಮ್ಮ ಇವತ್ತಿಗೂ "ಎಡಗಡೆ ಕಪಾಟು" ಎನ್ನುವುದಿಲ್ಲ, "ಬಡಗು ಗೋಡೆಯ ಕಪಾಟು" ಎನ್ನುತ್ತಾರೆ. ಕಡಲು ಪಡು, ಘಟ್ಟ ಮೂಡು. ರಾತ್ರಿ ಕರೆಂಟು ಹೋದರೂ ಅಲೆಯ ಸದ್ದು ಕೇಳಿ ಯಾವ ಕಡೆ ಮುಖ ಮಾಡಿದ್ದೇನೆಂದು ಗೊತ್ತಾಗುತ್ತಿತ್ತು.

ಹೀಗೆ ಬೆಳೆದವನ ಮಗ, ಹನ್ನೊಂದು ವರ್ಷದವನು. ಅಮೆರಿಕದ ಆರೆಗಾನ್ ರಾಜ್ಯದ ಬೀವರ್ಟನ್‌ನಲ್ಲಿ ನಮ್ಮ ಮನೆ. ಒಂದು ರಾತ್ರಿ ಊಟಕ್ಕೆ ಕೂತಾಗ "ಉತ್ತರ ಯಾವ ಕಡೆ ಹೇಳು" ಎಂದೆ. ಬೆರಳನ್ನು ನೆಟ್ಟಗೆ ಸೂರಿನ ಕಡೆಗೆ ತೋರಿಸಿದ. ತಮಾಷೆಗಲ್ಲ. ಫೋನಿನ ನಕ್ಷೆಯಲ್ಲಿ ಉತ್ತರ ಮೇಲಿರುತ್ತದೆ, ಆದ್ದರಿಂದ ಉತ್ತರ ಅಂದರೆ ಮೇಲೆ. ಅವನನ್ನು ಬೈದು ಏನು ಪ್ರಯೋಜನ? ನಾಲ್ಕು ವರ್ಷದಿಂದ ಹೋಗಿಬರುವ ಆಫೀಸಿಗೆ ನಾನೂ ನೀಲಿ ಚುಕ್ಕೆ ನೋಡಿಕೊಂಡೇ ಹೋಗುತ್ತೇನೆ.

"ಕಾಡು ಸುತ್ತೋಣ ಬಾ" ಎಂದರೆ ಬರುವ ವಯಸ್ಸಲ್ಲ. ಫೋನು ಕಸಿದರೆ ರಂಪ. ಹಾಗಾದರೆ ಫೋನನ್ನೇ ಗಾಳಕ್ಕೆ ಸಿಕ್ಕಿಸೋಣ ಎಂದುಕೊಂಡೆ. ಸಿಕ್ಕಿದ್ದು ಜಿಯೋಕ್ಯಾಶಿಂಗ್. ಯಾರೋ ಒಂದು ಡಬ್ಬಿಯನ್ನು ಎಲ್ಲೋ ಅಡಗಿಸಿ, ಆ ಜಾಗದ ಅಕ್ಷಾಂಶ ರೇಖಾಂಶವನ್ನು ಅಂತರ್ಜಾಲದಲ್ಲಿ ಹಾಕುತ್ತಾರೆ. ಉಳಿದವರು ಜಿಪಿಎಸ್ ಹಿಡಿದು ಹುಡುಕಿ, ಒಳಗಿನ ಪುಟ್ಟ ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದ ಹಾಗೆಯೇ ಇಟ್ಟು ಬರಬೇಕು. ಅಷ್ಟೇ ಆಟ.

ಇದು ಹುಟ್ಟಿದ್ದೂ ನಮ್ಮ ಮನೆಯಿಂದ ಮುಕ್ಕಾಲು ಗಂಟೆಯ ಹಾದಿಯಲ್ಲಿ. 2000ದ ಮೇ ತಿಂಗಳವರೆಗೆ ಅಮೆರಿಕದ ಸೇನೆ ಜನಸಾಮಾನ್ಯರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಬೇಕೆಂದೇ ಕೆಡಿಸಿ ಬಿಡುತ್ತಿತ್ತು. ನೂರು ಮೀಟರಿನಷ್ಟು ಆಚೀಚೆ ತೋರಿಸುತ್ತಿತ್ತು ಎಂದ ಮೇಲೆ ಡಬ್ಬಿ ಹುಡುಕುವ ಮಾತೆಲ್ಲಿ! ಅಧ್ಯಕ್ಷ ಕ್ಲಿಂಟನ್ ಅದನ್ನು ನಿಲ್ಲಿಸಿದ ಬೆನ್ನಿಗೇ, ಮೇ 3ರಂದು, ಡೇವ್ ಅಲ್ಮರ್ ಎಂಬವರು ಬೀವರ್‌ಕ್ರೀಕ್ ಹತ್ತಿರದ ರಸ್ತೆ ಬದಿಯಲ್ಲಿ ಒಂದು ಕಪ್ಪು ಪ್ಲಾಸ್ಟಿಕ್ ಬಕೆಟ್ಟನ್ನು ಅರ್ಧ ಹೂತಿಟ್ಟು ಅದರ ಸ್ಥಾನವನ್ನು ಎಲ್ಲರಿಗೂ ತಿಳಿಸಿದರು. ಒಳಗೆ ಪುಸ್ತಕ, ಕವಣೆ, ಒಂದು ಡಬ್ಬಿ ಬೀನ್ಸ್. ಮೂರು ದಿನದೊಳಗೆ ಇಬ್ಬರು ಹುಡುಕಿಯೇಬಿಟ್ಟರು. ಈಗ ಅಲ್ಲೊಂದು ಫಲಕವಿದೆ. ಮಗನನ್ನು ಮೊದಲು ಕರೆದುಕೊಂಡು ಹೋದದ್ದು ಅಲ್ಲಿಗೇ. ಅವನಿಗೆ ಇತಿಹಾಸ ಬೇಡ, ಆ ಬೀನ್ಸ್ ಯಾರು ತಿಂದರು ಎಂಬುದೇ ಚಿಂತೆ. ತಿಂದಿಲ್ಲವಂತೆ. ಆ ಡಬ್ಬಿ ಈಗ ಜಿಯೋಕ್ಯಾಶಿಂಗ್ ಮೇಳಗಳಿಗೆ ನಮ್ಮ ಉತ್ಸವ ಮೂರ್ತಿಯ ಹಾಗೆ ಹೋಗಿಬರುತ್ತದಂತೆ. ಇನ್ನೊಂದು ಮಜಾ: ಜಾಗದ ಒಡೆಯರ ಒಪ್ಪಿಗೆಯಿಲ್ಲದೆ ಡಬ್ಬಿ ಅಡಗಿಸಲು ನೆಲ ಅಗೆಯುವ ಹಾಗಿಲ್ಲ ಎಂಬುದು ಇವತ್ತಿನ ನಿಯಮ. ಮೊದಲ ಬಕೆಟ್ಟಿಗೆ ಈಗ ಸುಲಭವಾಗಿ ಅನುಮತಿ ಸಿಗುತ್ತಿರಲಿಲ್ಲ.

ಮರುವಾರ ಮಗ, ಅವನ ಭಾನುವಾರದ ಕನ್ನಡ ತರಗತಿಯ ನಾಲ್ಕು ಮಕ್ಕಳು ಮತ್ತು ನಾನು ಹತ್ತಿರದ ಒಂದು ಪಾರ್ಕಿಗೆ ಹೋದೆವು. ಯಾವುದು ಎಂದು ಹೇಳುವುದಿಲ್ಲ, ಹೇಳಿದರೆ ಆಟ ಕೆಟ್ಟೀತು. ಫೋನಿನ ಬಾಣದ ಗುರುತು ಹಿಡಿದು ಐವರೂ ಓಡಿದರು. ಡಗ್ಲಸ್ ಫರ್ ಮರಗಳ ಅಡಿ ಹೋದದ್ದೇ ಬಾಣಕ್ಕೆ ಮರುಳು ಹಿಡಿಯಿತು. ಒಮ್ಮೆ ನಾಲ್ಕು ಮೀಟರ್, ಮರುಕ್ಷಣ ಹದಿನೇಳು, ಮತ್ತೆ ಒಂಬತ್ತು. ಉಪಗ್ರಹದ ಸಂಕೇತ ದಟ್ಟ ಎಲೆ, ಕಾಂಡಗಳಿಗೆ ತಾಗಿ ಸುತ್ತಿ ಬರುವುದರಿಂದ ಹೀಗಾಗುತ್ತದೆ. "ಅಂಕಲ್, ಫೋನ್ ಸುಳ್ಳು ಹೇಳ್ತಾ ಇದೆ!" ಎಂದಳು ಒಬ್ಬಳು. ಇಡೀ ದಿನದಲ್ಲಿ ನನಗೆ ಅತಿ ಇಷ್ಟವಾದ ಮಾತು ಅದು.

ಫೋನುಗಳನ್ನು ಜೇಬಿಗೆ ಹಾಕಿಸಿದೆ. ಹತ್ತು ಮೀಟರ್ ಒಳಗೆ ಬಂದ ಮೇಲೆ ಕಣ್ಣು ಮಾತ್ರ. ಇಲ್ಲಿ ಯಾವುದು ತಾನಾಗಿ ಆದದ್ದಲ್ಲ, ಹೇಳಿ ನೋಡೋಣ ಎಂದೆ. ಐದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಎಲ್ಲರಿಗಿಂತ ಚಿಕ್ಕವನು, ಆರು ವರ್ಷದವನು, ಬಿದ್ದ ಮರದ ಬುಡದಲ್ಲಿ ಕೈ ತೋರಿಸಿದ. ಏಳೆಂಟು ಕಡ್ಡಿಗಳು ಒಂದರ ಪಕ್ಕ ಒಂದು, ಒಲೆ ಪಕ್ಕ ಜೋಡಿಸಿಟ್ಟ ಸೌದೆಯ ಹಾಗೆ. ಮರದಿಂದ ಬಿದ್ದ ಕಡ್ಡಿ ಅಷ್ಟು ಶಿಸ್ತಿನಲ್ಲಿ ಬೀಳುವುದುಂಟೇ? ಅದರ ಹಿಂದೆ ಹಸಿರು ಬಣ್ಣದ ಹಳೆಯ ಗುಂಡುಪೆಟ್ಟಿಗೆ, ಸೈನ್ಯದಲ್ಲಿ ಬಳಸುವಂಥದ್ದು. ಮುಚ್ಚಳದ ರಬ್ಬರು ಗಟ್ಟಿ ಇದ್ದರೂ ಪುಸ್ತಕ ಮಾತ್ರ ಸ್ವಲ್ಪ ಒದ್ದೆ. ಪ್ಲಾಸ್ಟಿಕ್ ಡೈನೋಸಾರ್, ಎರಡು ಗೋಲಿ, ಒಂದು ಬೀಗದ ಕೈ ಗೊಂಚಲು. ಏನಾದರೂ ತೆಗೆದುಕೊಂಡರೆ ಅದಕ್ಕೆ ಸಮನಾದದ್ದನ್ನು ಇಡಬೇಕು. ಮಗ ಡೈನೋಸಾರ್ ತೆಗೆದುಕೊಂಡು ಊರಿಂದ ತಂದ ಹತ್ತು ರೂಪಾಯಿಯ ನಾಣ್ಯ ಇಟ್ಟ. ಪುಸ್ತಕದಲ್ಲಿ ಐವರೂ ಕನ್ನಡದಲ್ಲಿ ಹೆಸರು ಬರೆದರು. ತರಗತಿಯಲ್ಲಿ ಒಂದು ಸಾಲು ಬರೆಸಲು ಅರ್ಧ ಗಂಟೆ ಗೋಗರೆಯಬೇಕು, ಇಲ್ಲಿ ಪೆನ್ಸಿಲಿಗೆ ಜಗಳ.

ಸ್ಥಾನದ ಅಂಕಿಗಳನ್ನು ಓದಲು ಕಲಿಸಿದ್ದು ಕಿತ್ತಳೆ ಹಣ್ಣಿನಿಂದ. ಆಟದಲ್ಲಿ ಡಿಗ್ರಿ, ಅದರ ಅರವತ್ತರ ಒಂದು ಭಾಗವಾದ ಮಿನಿಟು, ಮಿನಿಟಿನ ಸಾವಿರದ ಒಂದು ಭಾಗದವರೆಗೆ ಬರೆಯುತ್ತಾರೆ. ಕೊನೆಯ ಅಂಕಿ ಒಂದು ಹೆಚ್ಚಾದರೆ ಉತ್ತರಕ್ಕೆ ಸುಮಾರು 1.85 ಮೀಟರ್ ಸರಿದಂತೆ. ಆದರೆ ಪೂರ್ವ-ಪಶ್ಚಿಮದಲ್ಲಿ ಅದೇ ಒಂದಕ್ಕೆ ಇಲ್ಲಿ 1.3 ಮೀಟರ್ ಮಾತ್ರ. ಯಾಕೆ? ಕಿತ್ತಳೆ ತೊಳೆ ನಡುವಿನಲ್ಲಿ ದಪ್ಪ, ತುದಿಗೆ ಹೋಗುತ್ತಾ ಸಪುರ. ನಾವು ಇರುವುದು 45 ಡಿಗ್ರಿಯಲ್ಲಿ, ಭೂಮಧ್ಯ ರೇಖೆಗೂ ಧ್ರುವಕ್ಕೂ ಹೆಚ್ಚುಕಡಿಮೆ ಅರ್ಧದಲ್ಲಿ. ಅಜ್ಜಿಯ ಮನೆ ಹತ್ತಿರ ಒಂದು ಡಿಗ್ರಿ ರೇಖಾಂಶ 108 ಕಿ.ಮೀ. ಅಗಲ, ನಮ್ಮಲ್ಲಿ 78. "ಅಜ್ಜಿಯದು ದಪ್ಪ ತೊಳೆ" ಎಂದು ಮಗ ತೀರ್ಮಾನ ಕೊಟ್ಟ.

ಇಷ್ಟೆಲ್ಲ ಪಾಠ ಹೇಳಿದ ಮೇಷ್ಟ್ರ ಮಾನ ಹೋದ ಕತೆಯನ್ನೂ ಹೇಳಬೇಕು. ಫೋನು ಬಿಡಿಸುವ ಮುಂದಿನ ಹೆಜ್ಜೆ ಎಂದು ದಿಕ್ಸೂಚಿ ತಂದೆ. ಊರಾಚೆಯ ದೊಡ್ಡ ಹುಲ್ಲುಬಯಲಿನಲ್ಲಿ, ನಕ್ಷೆಯಲ್ಲಿ ಅಳೆದ ಕೋನವನ್ನು ದಿಕ್ಸೂಚಿಯಲ್ಲಿಟ್ಟು, ಹೆಜ್ಜೆ ಎಣಿಸುತ್ತಾ 300 ಮೀಟರ್ ನಡೆದರೆ ನಾನು ಬೆಳಿಗ್ಗೆಯೇ ಇಟ್ಟಿದ್ದ ಚಕ್ಕುಲಿ ಡಬ್ಬಿ ಸಿಗಬೇಕು. ಸಾಲಾಗಿ ನಡೆದೆವು. ತಲುಪಿದ್ದು ನಾಯಿಗಳನ್ನು ಆಡಲು ಬಿಡುವ ಬೇಲಿಯ ಬಾಗಿಲಿಗೆ. ಚಕ್ಕುಲಿ ಎಂಬತ್ತು ಮೀಟರ್ ಆಚೆ.

ಮುಳ್ಳು ತೋರಿಸುವ ಉತ್ತರ ಬೇರೆ, ನಕ್ಷೆಯ ಉತ್ತರ ಬೇರೆ. ಕರಾವಳಿಯಲ್ಲಿ ಇವೆರಡರ ಅಂತರ ಒಂದೆರಡು ಡಿಗ್ರಿ ಅಷ್ಟೇ. ಎನ್‌ಸಿಸಿಯಲ್ಲಿ ಕಲಿತದ್ದು ಪರೀಕ್ಷೆ ಮುಗಿದ ದಿನವೇ ಮರೆತಿತ್ತು. ಇಲ್ಲಿ ಅಂತರ ಪೂರ್ವಕ್ಕೆ ಸುಮಾರು 15 ಡಿಗ್ರಿ, ನಕ್ಷೆಯ ಕೋನದಿಂದ ಅದನ್ನು ನಾನು ಕಳೆದಿರಲಿಲ್ಲ. ಗಣಿತ ಸರಿಯಾಗಿಯೇ ಇತ್ತು, ಮೇಷ್ಟ್ರು ಸರಿ ಇರಲಿಲ್ಲ. ಆ ದಿನದಿಂದ ಮಕ್ಕಳು ಹೊರಡುವ ಮುಂಚೆ ನನ್ನನ್ನು ನೋಡಿ "ಹದಿನೈದು ಕಳೆದಿರಾ ಅಂಕಲ್?" ಎಂದು ಕೇಳುತ್ತಾರೆ.

ಇನ್ನೊಂದು ವಿಷಯ ಊರಿನವರಿಗೆ ಹೊಳೆಯದು. ಕಂದು ಬಣ್ಣದ ಗಂಡಸೊಬ್ಬ ಒಬ್ಬನೇ ಪಾರ್ಕಿನ ಬೆಂಚಿನ ಕೆಳಗೆ ಕೈಯಾಡಿಸುತ್ತಿದ್ದರೆ ನೋಡುವವರಿಗೆ ಹೇಗೆ ಕಾಣಬಹುದು? ಒಮ್ಮೆ ನಾಯಿ ಹಿಡಿದ ಹೆಂಗಸೊಬ್ಬರು ದೂರದಲ್ಲೇ ನಿಂತು, ಫೋನು ಕೈಯಲ್ಲಿ ಹಿಡಿದೇ, "ಏನು ಕಳಕೊಂಡಿರಿ?" ಎಂದು ಕೇಳಿದರು. ಪ್ರಶ್ನೆ ವಿನಯದ್ದೇ, ಧ್ವನಿ ಅಲ್ಲ. ಆಟ ವಿವರಿಸಿದೆ, ನಕ್ಕು ಹೋದರು. ಆಮೇಲೆ ಒಬ್ಬನೇ ಹುಡುಕಲು ಹೋಗುವುದನ್ನು ಬಿಟ್ಟೆ. ಮಕ್ಕಳು ಜೊತೆಗಿದ್ದರೆ ಯಾರೂ ಕೇಳುವುದಿಲ್ಲ.

ಅದಕ್ಕೇ ಊರಿನ ಗೆಳೆಯರು "ನಮ್ಮಲ್ಲೂ ಶುರು ಮಾಡೋಣವಾ" ಎಂದರೆ, ಸಾರ್ವಜನಿಕ ಜಾಗದಲ್ಲಿ ಡಬ್ಬಿ ಇಡಬೇಡಿ ಎನ್ನುತ್ತೇನೆ. ವಾರಸುದಾರರಿಲ್ಲದ ಪೆಟ್ಟಿಗೆ ಎಂದರೆ ನಮ್ಮಲ್ಲಿ ಬಾಂಬು ನಿಷ್ಕ್ರಿಯ ದಳವೇ ಬಂದೀತು. ಸ್ವಂತ ತೋಟ, ಅನುಮತಿ ಪಡೆದ ಶಾಲೆಯ ಮೈದಾನ ಸಾಕು. ಸರ್ವೇ ಆಫ್ ಇಂಡಿಯಾದ 1:50,000 ಅಳತೆಯ ನಕ್ಷೆಗಳನ್ನು 2017ರಿಂದ ಉಚಿತವಾಗಿ ಇಳಿಸಿಕೊಳ್ಳಬಹುದು. ನಿಮ್ಮ ಊರಿನ ಹಾಳೆಯನ್ನು ಒಮ್ಮೆ ಮಕ್ಕಳ ಮುಂದೆ ಹರವಿ. ಗುಡ್ಡದ ಎತ್ತರದ ಗೆರೆಗಳ ನಡುವೆ ತಮ್ಮ ಶಾಲೆ ಹುಡುಕಲು ತಲೆಗೆ ತಲೆ ಕೊಟ್ಟು ಕೂರುತ್ತಾರೆ.

ನಮ್ಮ ಮಕ್ಕಳಿಗೆ ದಿಕ್ಕು ನಿಜವಾಗಿ ಒಳಗಿಳಿದದ್ದು ದಿಕ್ಸೂಚಿಯಿಂದಲೂ ಅಲ್ಲ ಅನ್ನಿಸುತ್ತದೆ. ಮೋಡವಿಲ್ಲದ ಒಂದು ಬೆಳಿಗ್ಗೆ ಗುಡ್ಡ ಹತ್ತಿದಾಗ ಮೂಡು ದಿಕ್ಕಿನಲ್ಲಿ ಮೌಂಟ್ ಹುಡ್ ಹಿಮ ಹೊದ್ದು ಕೂತಿತ್ತು. ಆಗ ನನಗೇ ಹೊಳೆಯಿತು. ಇಲ್ಲೂ ಪಡುವಣಕ್ಕೆ ಕಡಲು, ಮೂಡಣಕ್ಕೆ ಬೆಟ್ಟದ ಸಾಲು, ಕಡಲಿಂದ ಬರುವ ಮಳೆ. ಹತ್ತು ವರ್ಷ ಇದ್ದೂ ನೋಡಿರಲಿಲ್ಲ. "ಅದು ಘಟ್ಟ ಅಂತ ತಿಳ್ಕೊ" ಎಂದೆ ಮಗನಿಗೆ.

ಹೋದ ತಿಂಗಳು ಅಮ್ಮನ ಫೋನು. ಗಾಳಿಮಳೆಗೆ ಬಾವಿಕಟ್ಟೆಯ ಹತ್ತಿರದ ತೆಂಗಿನಮರ ಬಿದ್ದಿತಂತೆ. ಮಗ ಹೋಮ್‌ವರ್ಕ್ ಬಿಟ್ಟು ಬಂದು ಕೇಳಿದ:

"ಅಜ್ಜಿ, ಯಾವ ಕಡೆಗೆ ಬಿತ್ತು?"

"ಬಡಗಕ್ಕೆ ಮಗಾ."

"ಹಾಗಾದ್ರೆ ದನದ ಕೊಟ್ಟಿಗೆ?"

"ಮಾಡಿನ ಎರಡು ಹಂಚು ಹೋಯ್ತು ಅಷ್ಟೆ," ಎಂದ ಅಮ್ಮ ಒಂದು ಕ್ಷಣ ಸುಮ್ಮನಾಗಿ, "ಇವನಿಗೆ ಕೊಟ್ಟಿಗೆ ಬಡಗಕ್ಕಿರೋದು ಯಾರು ಹೇಳಿದ್ದು?" ಎಂದು ನನ್ನನ್ನು ಕೇಳಿದರು.