ಕಾಂಡೋಮ್ ಹರಿದರೆ, ಸೂಜಿ ಚುಚ್ಚಿದರೆ: ಮೊದಲ 72 ಗಂಟೆ

ಎಚ್‌ಐವಿ ತಗುಲಿರಬಹುದೇ ಎಂಬ ದಿಗಿಲು ಬಿದ್ದ ಕೂಡಲೇ ಬೆಂಗಳೂರಿನಲ್ಲಿ ಹಲವರು ಮಾಡುವ ಮೊದಲ ಕೆಲಸ ಮೊಬೈಲ್‌ನಲ್ಲಿ ಲ್ಯಾಬ್ ಟೆಸ್ಟ್ ಬುಕ್ ಮಾಡುವುದು. ಮರುದಿನ ‘ನೆಗೆಟಿವ್’ ಬಂತೆಂದರೆ ನಿರಾಳ. ಆದರೆ ನಿನ್ನೆ ರಾತ್ರಿ ಏನಾಯಿತು ಎಂಬುದನ್ನು ಆ ವರದಿ ಹೇಳುವುದೇ ಇಲ್ಲ. ಸೋಂಕು ತಗುಲಿದ್ದರೂ ಪರೀಕ್ಷೆಯಲ್ಲಿ ಕಾಣಿಸಲು ವಾರಗಳೇ ಬೇಕು. ಅಷ್ಟರಲ್ಲಿ ತಡೆಯುವ ಅವಕಾಶ ಕೈಜಾರಿ ಹೋಗಿರುತ್ತದೆ.

ತಡೆಯುವ ಮದ್ದಿಗೆ ಪೆಪ್ ಎನ್ನುತ್ತಾರೆ. 72 ಗಂಟೆಯೊಳಗೆ ಶುರು ಮಾಡಲೇಬೇಕು, 2 ಗಂಟೆಯೊಳಗಾದರೆ ಇನ್ನೂ ಒಳ್ಳೆಯದು. ವೈರಸ್ ಒಮ್ಮೆ ನಮ್ಮ ಜೀವಕೋಶದ ಡಿಎನ್‌ಎಯೊಳಗೆ ಸೇರಿಕೊಂಡರೆ ಅದನ್ನು ಕಿತ್ತು ತೆಗೆಯುವ ಔಷಧಿ ಇಲ್ಲ; ಪೆಪ್ ಕೆಲಸ ಮಾಡುವುದು ಅದಕ್ಕೂ ಮೊದಲು.

ಸೂಜಿ ಚುಚ್ಚಿದ್ದರೆ ಗಾಯವನ್ನು ಹಿಂಡಬೇಡಿ, ಸ್ಪಿರಿಟ್ ಸುರಿಯಬೇಡಿ. ಸೋಪು ಹಚ್ಚಿ ನಲ್ಲಿ ನೀರಿನಲ್ಲಿ ತೊಳೆದರೆ ಸಾಕು. ಎಚ್‌ಐವಿ ಪರೀಕ್ಷೆ, ಸಲಹೆ ಕೊಡುವ ಐಸಿಟಿಸಿ, ಚಿಕಿತ್ಸೆ ಕೊಡುವ ಎಆರ್‌ಟಿ ಕೇಂದ್ರಗಳು ತೆರೆದಿರುವುದು ಹಗಲು ಹೊತ್ತಿನಲ್ಲಿ. ರಾತ್ರಿಯೋ ಭಾನುವಾರವೋ ಆದರೆ ವಿಕ್ಟೋರಿಯಾ, ಬೌರಿಂಗ್‌ನಂಥ ದೊಡ್ಡ ಸರ್ಕಾರಿ ಆಸ್ಪತ್ರೆಯ ಕ್ಯಾಷುಯಲ್ಟಿಗೇ ಹೋಗಿ, ‘ಪೆಪ್ ಬೇಕು, ಇಷ್ಟು ಗಂಟೆ ಆಗಿದೆ’ ಎಂದು ನೇರವಾಗಿ ಹೇಳಿ. ರಕ್ತ ಕೊಡಬೇಕು ನಿಜ, ಆದರೆ ವರದಿಗಾಗಿ ಮೊದಲ ಮಾತ್ರೆ ಕಾಯಬಾರದು. ‘ಸೋಮವಾರ ಬನ್ನಿ’ ಎಂದರೆ ಒಪ್ಪಬೇಡಿ. ದಾರಿ ತೋಚದಿದ್ದರೆ ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಿ, ಉಚಿತ. ನಿಮ್ಮ ಸಂಗಾತಿ ಎಚ್‌ಐವಿ ಇದ್ದೂ ತಪ್ಪದೆ ಚಿಕಿತ್ಸೆ ಪಡೆಯುತ್ತಿದ್ದು, ಅವರ ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ ಪ್ರಮಾಣ) ಪತ್ತೆಯಾಗದಷ್ಟು ಇಳಿದಿದ್ದರೆ ಲೈಂಗಿಕ ಸಂಪರ್ಕದಿಂದ ಸೋಂಕು ಹರಡುವುದಿಲ್ಲ. ಅದನ್ನೂ ವೈದ್ಯರಿಗೆ ತಿಳಿಸಿ.

ಸಾಮಾನ್ಯವಾಗಿ ಕೊಡುವುದು ದಿನಕ್ಕೊಂದು ಮಾತ್ರೆ, 28 ದಿನ: ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿಲಿಗ್ರಾಂ, ಮೂರೂ ಒಂದರಲ್ಲೇ. ಎಡವುವುದು ಇಲ್ಲಿ. ಮಾತ್ರೆ ನುಂಗಿದ ಮೇಲೆ ಹೊಟ್ಟೆ ಉರಿಯಿತೆಂದು ಆಂಟಾಸಿಡ್ ಕುಡಿಯುತ್ತಾರೆ. ಅದರಲ್ಲಿರುವ ಅಲ್ಯೂಮಿನಿಯಂ, ಮೆಗ್ನೀಸಿಯಂ ಡೊಲುಟೆಗ್ರಾವಿರ್‌ಗೆ ಅಂಟಿಕೊಂಡು, ಔಷಧಿ ರಕ್ತಕ್ಕೆ ಸೇರದಂತೆ ಮಾಡುತ್ತವೆ. ಆಂಟಾಸಿಡ್ ಬೇಕೇ ಬೇಕೆಂದರೆ ಈ ಮಾತ್ರೆಯನ್ನು ಅದಕ್ಕೆ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ ತೆಗೆದುಕೊಳ್ಳಿ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗೂ ಇದೇ ಅಂತರ, ಊಟದ ಜೊತೆ ಒಟ್ಟಿಗೆ ನುಂಗಿದರೆ ಮಾತ್ರ ತೊಂದರೆಯಿಲ್ಲ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರು ಮುಂಚೆಯೇ ಹೇಳಬೇಕು, ಅದರ ಡೋಸ್ ಇಳಿಸಬೇಕಾಗಬಹುದು. ಹೆಪಟೈಟಿಸ್ ಬಿ ಪರೀಕ್ಷೆಯನ್ನೂ ಆರಂಭದಲ್ಲೇ ಮಾಡಿಸಿ: ಆ ಸೋಂಕಿದ್ದವರು ಈ ಮಾತ್ರೆ ನಿಲ್ಲಿಸಿದಾಗ ಲಿವರ್ ಕೆರಳಬಹುದು.

ಎಚ್‌ಐವಿಯಲ್ಲಿ ಎರಡು ಬಗೆ. ಪಶ್ಚಿಮ ಆಫ್ರಿಕಾದ ಸೆನೆಗಲ್, ಗಿನಿ-ಬಿಸಾವು ಕಡೆ ಹೆಚ್ಚಾಗಿ ಕಾಣುವ ಎರಡನೇ ಬಗೆ, ಎಚ್‌ಐವಿ-2, ಭಾರತದಲ್ಲೂ ಇದೆ. ಹಳೆಯ ಎಚ್‌ಐವಿ ಮಾತ್ರೆಗಳಲ್ಲಿರುವ ನೆವಿರಪಿನ್, ಎಫಾವಿರೆಂಜ್‌ಗಳು ಅದರ ಮೇಲೆ ನಾಟುವುದಿಲ್ಲ. ಡೊಲುಟೆಗ್ರಾವಿರ್ ಎರಡೂ ಬಗೆಗೆ ನಾಟುತ್ತದೆ. ಮನೆಯಲ್ಲೋ ಗೆಳೆಯರ ಹತ್ತಿರವೋ ಉಳಿದ ಹಳೆಯ ಮಾತ್ರೆ ನುಂಗಬೇಡಿ ಎನ್ನುವುದು ಅದಕ್ಕೇ.

ಇನ್ನು ಕಾಂಡೋಮ್ ಹರಿಯುವುದೇಕೆ? ಎಷ್ಟೋ ಸಲ ಕೊಬ್ಬರಿ ಎಣ್ಣೆಯಿಂದ. ಎಣ್ಣೆ, ವ್ಯಾಸಲೀನ್ ತಾಗಿದ ಲ್ಯಾಟೆಕ್ಸ್ ಕೆಲವೇ ನಿಮಿಷದಲ್ಲಿ ಬಲ ಕಳೆದುಕೊಳ್ಳುತ್ತದೆ. ನೀರು ಆಧಾರಿತ ಜೆಲ್ಲೇ ಬಳಸಿ.

ಮಾತ್ರೆ ಶುರುವಾದ ಮೇಲೆ 6ನೇ ವಾರದಲ್ಲಿ ಒಂದು ಸಲ, 3 ತಿಂಗಳಾದಾಗ ಇನ್ನೊಂದು ಸಲ ಪರೀಕ್ಷೆ. ವೈದ್ಯರು 6 ತಿಂಗಳಾದಾಗಲೂ ಬರಹೇಳಬಹುದು. ಕೊನೆಯ ವರದಿ ಕೈಗೆ ಬರುವವರೆಗೆ ರಕ್ತದಾನ ಬೇಡ, ಸಂಗಾತಿಯೊಂದಿಗೆ ಕಾಂಡೋಮ್ ಬಿಡಬೇಡಿ.