ನೇರಳೆ ಮೆಕ್ಕೆಜೋಳ: ನಾಲ್ಕನೇ ಸಲಕ್ಕೆ ಬಣ್ಣ ನಿಂತಿತು

ಕೊನೆಗೂ ಹಿಟ್ಟು ನೇರಳೆಯಾಗಿಯೇ ಉಳಿಯಿತು! ಮೂರು ಸಲ ಬೂದು ಮುದ್ದೆ ಕಲಸಿ ಸಾಕಾಗಿ ಹೋಗಿತ್ತು, ಇವತ್ತು ಖುಷಿಗೆ ಕೈ ತೊಳೆಯುವ ಮೊದಲೇ ಬರೆಯಲು ಕೂತಿದ್ದೇನೆ.

ಒಣಗಿಸುವುದು, ಕಾಳು ಬಿಡಿಸುವುದು ನಿಮಗೆಲ್ಲ ಗೊತ್ತೇ ಇದೆ, ಬಿಡಿ. ತಕರಾರು ಇದ್ದದ್ದು ಸಿಪ್ಪೆ ಬಿಡಿಸಲು ಕಾಳಿನ ಜೊತೆ ಹಾಕಿ ಬೇಯಿಸುವ ಸುಣ್ಣದ ಹತ್ತಿರ. ಮೊದಲ ಸಲ ಕಿಲೋ ಕಾಳಿಗೆ 10 ಗ್ರಾಂ ಹಾಕಿ ಬೇಯಿಸಿ, ರಾತ್ರಿಯಿಡೀ ನೆನೆಯಲು ಬಿಟ್ಟೆ. ಸಿಪ್ಪೆ ಸಲೀಸಾಗಿ ಬಿಟ್ಟಿತು. ಆದರೆ ಪಾತ್ರೆಯ ನೀರು ಹಸಿರುಗಂದು, ಕಾಳು ಬೂದಿ ಮೆತ್ತಿದ ಹಾಗೆ! ನೇರಳೆ ಬಣ್ಣ ಕೊಡುವ ವಸ್ತು ಆಂಥೋಸಯಾನಿನ್ ಹುಳಿಯಲ್ಲಿ ಕೆಂಪು, ಕ್ಷಾರದಲ್ಲಿ ನೀಲಿ ಹಸಿರು, ಇನ್ನೂ ಜಾಸ್ತಿಯಾದರೆ ಒಡೆದೇ ಹೋಗುತ್ತದೆ. ಪಿಎಚ್ ಅಂದರೆ ಹುಳಿ, ಕ್ಷಾರದ ಅಳತೆ: 7ಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ. ಸುಣ್ಣದ ತಿಳಿ ಪಿಎಚ್ 12ರ ಆಸುಪಾಸು ಇರುತ್ತದಲ್ವಾ, ಪಾಪ ಅದು ಎಲ್ಲಿ ತಡೆದೀತು?

ಹಾಗಂತ ಸುಣ್ಣ ಬಿಡುವುದಕ್ಕೂ ಮನಸ್ಸಿಲ್ಲ. ಮೆಕ್ಕೆಜೋಳದ ನಿಯಾಸಿನ್ (ಬಿ3 ಜೀವಸತ್ವ) ಬಹುಪಾಲು ಕಟ್ಟಿಹಾಕಿದಂತೆ ಇರುತ್ತದೆ, ಅದನ್ನು ಬಿಡಿಸುವುದು ಸುಣ್ಣವೇ. ಸಿಪ್ಪೆಗೆ ಅಂಟಿದ ಫೆರುಲಿಕ್ ಆಮ್ಲ ಎಂಬ ಆ್ಯಂಟಿಆಕ್ಸಿಡೆಂಟ್‌ನದ್ದೂ ಅದೇ ಕಥೆ. ನನಗೆ ಎರಡೂ ಬೇಕು.

ಎರಡನೇ ಸಲ ಬೀಜದ ಮೇಲೆ ಅನುಮಾನ ಬಂದು ಬೇರೆಯವರಿಂದ ತರಿಸಿದೆ. ಪೊಟ್ಟಣದ ಮೇಲೆ ‘ನೇರಳೆ’ ಅಂತ ಇತ್ತು. ಬ್ಲೇಡಿನಿಂದ ಒಂದು ಕಾಳು ಸೀಳಿ ನೋಡಿದರೆ ಸಿಪ್ಪೆಗೆ ಬಣ್ಣವೇ ಇಲ್ಲ, ಅದರ ಕೆಳಗೆ ಕೂದಲೆಳೆಯಷ್ಟು ನೀಲಿ ಪದರ, ಒಳಗೆಲ್ಲ ಬಿಳಿ. ಅದು ನೀಲಿ ಜೋಳ! ಕೇಳಿದರೆ ‘ಎಲ್ಲಾ ಒಂದೇ’ ಅಂದರು. ಒಂದೇ ಅಲ್ಲ ಸ್ವಾಮಿ, ಸಿಪ್ಪೆಯಲ್ಲೂ ಬಣ್ಣ ತುಂಬಿರುವ ತಳಿಗಾಗಿ ತಿಂಗಳುಗಟ್ಟಲೆ ಕಾದಿದ್ದೆ.

ಮೂರನೇ ಸಲ ಕೊನೆಯಲ್ಲಿ ನಿಂಬೆಹಣ್ಣು ಹಿಂಡಿದೆ. ಪೇಲವ ಗುಲಾಬಿ ಬಂತು, ಅಷ್ಟೇ. ಒಡೆದು ಹೋದದ್ದು, ನೀರಲ್ಲಿ ತೊಳೆದು ಹೋದದ್ದು ಹುಳಿ ಹಿಂಡಿದರೆ ವಾಪಸ್ ಬರುವುದಿಲ್ಲ.

ಈ ಸಲ ಕ್ರಮವನ್ನೇ ತಿರುಗಿಸಿದೆ. ಮೊದಲು ಬಣ್ಣ ಇಳಿಸಿಕೊಂಡೆ, ಆಮೇಲೆ ಸುಣ್ಣ. ಕಾಳು ಬಿಡಿಸಿದ ಬೆಂಡನ್ನು ದಯವಿಟ್ಟು ಎಸೆಯಬೇಡಿ, ನೇರಳೆ ತಳಿಯಲ್ಲಿ ಅದರಲ್ಲೂ ಭರ್ತಿ ಬಣ್ಣ ಇರುತ್ತದೆ. ಬೆಂಡು ಪುಡಿ ಮಾಡಿ, ಸಿಟ್ರಿಕ್ ಆಮ್ಲ ಹಾಕಿ ಪಿಎಚ್ 3ಕ್ಕೆ ತಂದ ನೀರಲ್ಲಿ 60 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟೆ. ಕುದಿಸಲಿಲ್ಲ, ಶಾಖ ಜಾಸ್ತಿಯಾದರೂ ಬಣ್ಣಕ್ಕೆ ಪೆಟ್ಟು. ಸೋಸಿ, ಗಟ್ಟಿಯಾಗುವವರೆಗೆ ಅದೇ ಹದದ ಶಾಖದಲ್ಲಿ ಇಂಗಿಸಿದೆ. ಸುಣ್ಣದಲ್ಲಿ ಬೆಂದ ಕಾಳನ್ನು ಪಿಎಚ್ ಕಾಗದ 7 ತೋರಿಸುವವರೆಗೆ ಬೇರೆಯಾಗಿ ತೊಳೆದೆ. ಏಳು ನೀರು ಬೇಕಾಯಿತು! ಹಿಂದೆ ಮೂರಕ್ಕೇ ನಿಲ್ಲಿಸುತ್ತಿದ್ದೆ.

ರುಬ್ಬಿದ ಹಿಟ್ಟಿನ ನಡುವೆ ಗುಳಿ ಮಾಡಿ ರಸ ಸುರಿದೆ. ರಕ್ತದಂತೆ ಕೆಂಪು. ಬೆರಳು ಆಡಿಸಿದಲ್ಲೆಲ್ಲ ಗೆರೆಗೆರೆಯಾಗಿ ನೇರಳೆಗೆ ತಿರುಗಿತು, ಉಗುರಿನ ಸಂದಿಯಲ್ಲಿ ಮಾತ್ರ ಕೆಂಪು ಉಳಿಯಿತು. ಸ್ವಲ್ಪ ಹುಳಿ ಇದೆ, ಮುಂದಿನ ಸಲ ಸಿಟ್ರಿಕ್ ಕಡಿಮೆ ಮಾಡಬೇಕು.

ಅಂದಹಾಗೆ, ಆ ನೀಲಿ ಪೊಟ್ಟಣದಲ್ಲಿ ಚುಕ್ಕೆ ಚುಕ್ಕೆಯ ನಾಲ್ಕು ಕಾಳು ಸಿಕ್ಕಿವೆ! ಜಾಗ ಬದಲಿಸುವ ಜೀನ್‌ಗಳನ್ನು ತಳಿವಿಜ್ಞಾನಿ ಬಾರ್ಬರಾ ಮೆಕ್ಲಿಂಟಾಕ್ ಕಂಡುಕೊಂಡದ್ದು ಮೆಕ್ಕೆಜೋಳದ ಇಂಥ ಚುಕ್ಕೆಗಳ ಬೆನ್ನು ಹತ್ತಿಯೇ, ಅದಕ್ಕೆ 1983ರಲ್ಲಿ ನೊಬೆಲ್ ಬಂತು. ನಾಲ್ಕನ್ನೂ ಕುಂಡದಲ್ಲಿ ಬಿತ್ತಿದ್ದೇನೆ. ಹೂ ಬಂದಾಗ ಕೈಯಾರೆ ಪರಾಗ ಹಾಕಿ ಚೀಲ ಕಟ್ಟಬೇಕು.