ಬಾಲಣ್ಣನ ಊರಿನವನು ನಾನು, ಅದಕ್ಕೇ ಈ ಹಠ

ತಾಲೀಮಿಗೆ ಹೋದ ಊರಲ್ಲೆಲ್ಲ ನನ್ನನ್ನು ಒಂದು ಪ್ರಶ್ನೆ ಕೇಳುತ್ತಾರೆ. ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಾಗಲೂ ಬಿಡುವುದಿಲ್ಲ. "ಮೇಷ್ಟ್ರೇ, ರಾಜಮಹಾರಾಜರ ಸಿನಿಮಾಗೆ ನಮ್ಮವರೇ ಆಗಬೇಕು ಅಂತ ಯಾಕೆ ಅಷ್ಟು ಹಠ ಮಾಡ್ತೀರಿ? ಹೊರಗಿನಿಂದ ಒಳ್ಳೆ ಮೈಕಟ್ಟಿನವರನ್ನು ಕರೆಸಿ, ಮಾತು ಬೇರೆಯವರ ಹತ್ರ ಹೇಳಿಸಿದ್ರೆ ಆಯ್ತಲ್ವಾ?"

ಪ್ರತಿ ಸಲ ಅರ್ಧ ಉತ್ತರ ಹೇಳಿ ಬಸ್ಸು ಹತ್ತಿದ್ದೇನೆ. ಇವತ್ತು ಪೂರ್ತಿ ಬರೆಯುತ್ತೇನೆ.

ನಾನು ಅರಸೀಕೆರೆಯವನು. ಹಾರ್ಮೋನಿಯಂ ಇಟ್ಟುಕೊಂಡು ಸುತ್ತಲ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸುತ್ತೇನೆ. ಅರಸೀಕೆರೆ ಅಂದರೆ ಜನಕ್ಕೆ ತೆಂಗಿನಕಾಯಿ ನೆನಪಾಗುತ್ತದೆ, ರೈಲ್ವೆ ಜಂಕ್ಷನ್ ನೆನಪಾಗುತ್ತದೆ. ನನಗೆ ಮೊದಲು ನೆನಪಾಗುವುದು ಬಾಲಣ್ಣ. ಟಿ.ಎನ್. ಬಾಲಕೃಷ್ಣ ಹುಟ್ಟಿದ್ದು ಈ ಊರಲ್ಲೇ. 1943ರ 'ರಾಧಾ ರಮಣ'ದಲ್ಲಿ ಮೊದಲು ಕಾಣಿಸಿಕೊಂಡವರು ಐನೂರಕ್ಕೂ ಜಾಸ್ತಿ ಚಿತ್ರ ಮಾಡಿದರು. 'ಬಂಗಾರದ ಮನುಷ್ಯ'ದ ರಾಚೂಟಪ್ಪನನ್ನು ನಮ್ಮ ಕಡೆ ಇನ್ನೂ ಯಾರೂ ಮರೆತಿಲ್ಲ. ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಎದುರಿನವರ ತುಟಿ ನೋಡಿಕೊಂಡೇ ತಮ್ಮ ಮಾತು ಎತ್ತಿಕೊಳ್ಳುತ್ತಿದ್ದರು. ನಾಟಕ ಆಡಿದವರಿಗೆ ಇದರ ಕಷ್ಟ ಗೊತ್ತು. ಎದುರಿನವನ ಕೊನೆ ಮಾತು ಕಿವಿಗೆ ಬಿದ್ದ ಮೇಲೂ ನಾವು ತಡವರಿಸುತ್ತೇವೆ. ಬಾಲಣ್ಣ ತಡವರಿಸಿದ್ದನ್ನು ನಾನು ತೆರೆ ಮೇಲೆ ಒಮ್ಮೆಯೂ ಕಂಡಿಲ್ಲ.

ಅವರ ನಟನೆಯಷ್ಟೇ ನಾನು ಗೌರವಿಸುವ ಇನ್ನೊಂದು ಕೆಲಸವಿದೆ. ಕನ್ನಡ ಚಿತ್ರಗಳು ಬೆರಳೆಣಿಕೆಯಷ್ಟೇ ತಯಾರಾಗುತ್ತಿದ್ದ ಕಾಲ ಅದು. ಕೈಗೆ ಕೆಲಸವಿಲ್ಲ ಅಂತ ಕಲಾವಿದರು ಸುಮ್ನೆ ಕೂರಲಿಲ್ಲ. ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಸೇರಿ ಕನ್ನಡ ಚಲನಚಿತ್ರ ಕಲಾವಿದರ ಸಂಘ ಕಟ್ಟಿದರು. ಊರೂರಿಗೆ ಹೋಗಿ ನಾಟಕ ಆಡಿದರು. ಆಮೇಲೆ ತಾವೇ ನಿರ್ಮಾಪಕರಾಗಿ 1960ರಲ್ಲಿ 'ರಣಧೀರ ಕಂಠೀರವ' ತೆರೆಗೆ ತಂದರು. ಬಣ್ಣ ಹಚ್ಚುವವರೇ ಬಂಡವಾಳದ ಭಾರವನ್ನೂ ಹೊತ್ತರು. ಆರಿಸಿಕೊಂಡಿದ್ದು ಯಾವ ಕತೆ ನೋಡಿ. ಹದಿನೇಳನೇ ಶತಮಾನದಲ್ಲಿ ಮೈಸೂರು ಆಳಿದ ಕಂಠೀರವ ನರಸರಾಜ ಒಡೆಯರದ್ದು. ನಮ್ಮ ರಾಜ, ನಮ್ಮ ಮಾತು, ನಮ್ಮ ನಟರು. ಅದರಲ್ಲಿ ಅರಸೀಕೆರೆಯ ಒಂದು ಪಾಲಿದೆ ಅನ್ನುವುದು ನನಗೆ ದೊಡ್ಡ ಹೆಮ್ಮೆ.

ಈಗ ಮಾತು ಬೇರೆಯವರ ಹತ್ತಿರ ಹೇಳಿಸುವ ವಿಚಾರಕ್ಕೆ ಬರುತ್ತೇನೆ. ಇದಕ್ಕೆ ಒಂದು ತಾಲೀಮಿನ ಕತೆ ಹೇಳಬೇಕು.

ಒಂದು ಹಳ್ಳಿಯಲ್ಲಿ ಕುರುಕ್ಷೇತ್ರ ಕಲಿಸುತ್ತಿದ್ದೆ. ನಮ್ಮ ಕಡೆ ಪಾತ್ರ ಬೇಕು ಅಂದರೆ ಪಾತ್ರಧಾರಿಯೇ ದುಡ್ಡು ಕಟ್ಟಬೇಕು. ಕರ್ಣನ ಪಾತ್ರಕ್ಕೆ ಕಟ್ಟಿದವನು ಕಾಯಿ ಸುಲಿಯುವ ಹುಡುಗ. ಹಗಲೆಲ್ಲ ಕಾಯಿ ಸುಲಿದು, ರಾತ್ರಿ ಊಟ ಮಾಡಿ, ತಾಲೀಮಿಗೆ ಬರುತ್ತಿದ್ದ. ಒಳ್ಳೆ ಎತ್ತರ, ಒಳ್ಳೆ ತೋಳು. ಆದರೆ ಬಾಯಲ್ಲಿ 'ಹ' ಬರುತ್ತಿರಲಿಲ್ಲ. ಹಸ್ತಿನಾವತಿ ಹೋಗಿ ಅಸ್ತಿನಾವತಿ ಆಗುತ್ತಿತ್ತು. "ಅಂಗೈ ಬಾಯಿ ಮುಂದೆ ಹಿಡ್ಕೊಳಪ್ಪ, ಮಾತು ಆಡಿದಾಗ ಉಸಿರು ಕೈಗೆ ತಾಗಬೇಕು" ಅಂದೆ. ಒಂಬತ್ತು ರಾತ್ರಿ ಅದನ್ನೇ ಮಾಡಿದ. ಹತ್ತನೇ ರಾತ್ರಿ 'ಹ' ಸರಿಯಾಗಿ ಬಂತು. ಅದರ ಜೊತೆಗೇ ಎದೆ ಎದ್ದು ನಿಂತಿತು. ಬಗ್ಗಿದ ಬೆನ್ನು ತಾನಾಗಿ ನೆಟ್ಟಗಾಯಿತು. ನಾನು ನಿಲ್ಲುವುದನ್ನು ಕಲಿಸಿರಲೇ ಇಲ್ಲ. ಆ ಅಕ್ಷರಕ್ಕೆ ಬೇಕಾದ ಉಸಿರು ಅವನನ್ನು ನಿಲ್ಲಿಸಿತ್ತು. ಆಮೇಲೆ ಕಿರೀಟ, ಭುಜಕೀರ್ತಿ ಕಟ್ಟಿದಾಗ ಕತ್ತನ್ನಷ್ಟೇ ತಿರುಗಿಸದೆ ಎದೆಯ ಸಮೇತ ತಿರುಗಿದ. ಎದುರಿಗೆ ಕರ್ಣನೇ ನಿಂತ ಹಾಗಿತ್ತು.

ಕಂಠದಾನ ಮಾಡಿಸಿದ ಪಾತ್ರದಲ್ಲಿ ತಪ್ಪಿಹೋಗುವುದು ಇದೇ. ಉಸಿರು ಒಬ್ಬರದು, ಎದೆ ಇನ್ನೊಬ್ಬರದು. ಪ್ಯಾಂಟು ಶರ್ಟಿನ ಕತೆಯಲ್ಲಿ ಅದು ಹೇಗೋ ನಡೆದುಹೋಗುತ್ತದೆ. ರಾಜನ ಪಾತ್ರದಲ್ಲಿ ಮಾತು ಉದ್ದ, ಉಸಿರು ಜಾಸ್ತಿ ಬೇಕು. ಅಲ್ಲಿ ಎದ್ದು ಕಾಣುತ್ತದೆ.

ನಮ್ಮವರು ಅಂದರೆ ಜನ್ಮಪತ್ರ ನೋಡಿ ಆರಿಸಿ ಅಂತ ನಾನು ಹೇಳುತ್ತಿಲ್ಲ. ರಾಜ್‌ಕುಮಾರ್ ಹುಟ್ಟಿದ ಗಾಜನೂರು ಇವತ್ತು ತಮಿಳುನಾಡಿನಲ್ಲಿದೆ. ಅವರನ್ನು ಬೆಳೆಸಿದ್ದು ಗುಬ್ಬಿ ಕಂಪನಿಯ ರಂಗ. 1961ರಲ್ಲಿ ಕಿತ್ತೂರು ಚೆನ್ನಮ್ಮ ಆದ ಬಿ. ಸರೋಜಾದೇವಿ ಬೆಂಗಳೂರಿನವರು. ಅವರು ಕನ್ನಡದಲ್ಲಿ ಸಿಟ್ಟಾಗಬಲ್ಲವರಾಗಿದ್ದರು, ಕನ್ನಡದಲ್ಲಿ ಅಳಬಲ್ಲವರಾಗಿದ್ದರು. ನಾನು ಕೇಳುವುದು ಅಷ್ಟೇ.

ನನ್ನ ಮಾತಿಗೆ ಈ ಕಾಲದ ಸಾಕ್ಷಿಯೂ ನಮ್ಮ ತಾಲ್ಲೂಕಿನಲ್ಲೇ ಇದೆ. ಕಾಳೇನಹಳ್ಳಿಯ ಧನಂಜಯ. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುತ್ತಾ ರಂಗಭೂಮಿಗೆ ಬಿದ್ದವರು. ಕೈಯಲ್ಲಿದ್ದ ಕೆಲಸ ಬಿಟ್ಟು ನಟನೆಗೆ ಬಂದರು. 2013ರಲ್ಲಿ ನಾಯಕರಾದರು. 2018ರ 'ಟಗರು' ಬಂದ ಮೇಲೆ ಡಾಲಿ ಅನ್ನುವುದು ಅವರ ಹೆಸರಿಗೇ ಅಂಟಿಕೊಂಡಿತು. ಎಲ್ಲರೂ ಡಾಲಿ ಅನ್ನುತ್ತಾರೆ, ನನಗೆ ಮಾತ್ರ ಅದಕ್ಕೂ ಮುಂಚಿನ 'ಅಲ್ಲಮ' ದೊಡ್ಡದು. ಟಿ.ಎಸ್. ನಾಗಾಭರಣ ನಿರ್ದೇಶಿಸಿದ ಆ ಚಿತ್ರ 2017ರಲ್ಲಿ ತೆರೆಗೆ ಬಂತು. ಹಿನ್ನೆಲೆ ಸಂಗೀತಕ್ಕೂ ಪ್ರಸಾಧನಕ್ಕೂ ರಾಷ್ಟ್ರಪ್ರಶಸ್ತಿ ಬಂದವು. ಅಲ್ಲಮನ ಪಾತ್ರ ಸುಲಭದ್ದಲ್ಲ. ಕತ್ತಿ ಹಿಡಿಯುವಂತಿಲ್ಲ, ಕುದುರೆ ಹತ್ತುವಂತಿಲ್ಲ. ಕೈಯಲ್ಲಿರುವುದು ಹನ್ನೆರಡನೇ ಶತಮಾನದ ಮಾತು ಮಾತ್ರ. ಅದರಲ್ಲೂ ಅಲ್ಲಮನ ವಚನ ಅಂದರೆ ಬೆಡಗು, ಒಗಟಿನ ಹಾಗೆ ಅರ್ಥ ಒಳಗೆ ಮುಚ್ಚಿಟ್ಟ ಮಾತು. ಅರ್ಥ ಗೊತ್ತಿಲ್ಲದೆ ಹೇಳಿದರೆ ಬರೀ ಶಬ್ದ. ಧನಂಜಯ ಅದನ್ನು ಪಾಠ ಒಪ್ಪಿಸಿದ ಹಾಗೆ ಹೇಳಲಿಲ್ಲ, ಎದುರಿಗಿದ್ದವರ ಹತ್ತಿರ ಮಾತಾಡಿದ ಹಾಗೆ ಹೇಳಿದರು. ಅಂಥ ಪಾತ್ರ ಇನ್ನೂ ನಾಲ್ಕು ಅವರಿಗೆ ಸಿಗಲಿ ಅಂತ ನಾನು ಕಾಯುತ್ತಿದ್ದೇನೆ. 1857ರ ಹಲಗಲಿ ಬೇಡರ ಹೋರಾಟದ ಚಿತ್ರ ಒಪ್ಪಿಕೊಂಡ ಸುದ್ದಿ ಕೇಳಿ ಖುಷಿಯಾಯಿತು. ಆ ಕತೆಯ ನೆಲ ಮುಧೋಳದ ಕಡೆಯದು, ಅಲ್ಲಿನ ಮಾತಿನ ಗತ್ತೇ ಬೇರೆ. ಇಂಥ ಚಿತ್ರಗಳಲ್ಲಿ ನಾಯಕನ ಅಕ್ಕಪಕ್ಕ ನಿಲ್ಲುವವರಾದರೂ ಆ ಸೀಮೆಯವರೇ ಇರಬೇಕು ಅನ್ನುವುದು ನನ್ನ ಆಸೆ. ಹಾಸನದವನು ನಾಯಕ ಆದರೂ ನಾನು ಇದೇ ಮಾತು ಹೇಳುತ್ತೇನೆ.

ಹೊಯ್ಸಳರ ಕತೆಯಾದರೆ ಆ ನ್ಯಾಯ ನಮಗೂ ಸಲ್ಲಬೇಕು. ಬೇಲೂರಿನ ದೇವಸ್ಥಾನ ಪ್ರತಿಷ್ಠೆಯಾಗಿದ್ದು 1117ರಲ್ಲಿ. ಆ ವಂಶ ಹುಟ್ಟಿದ ಸೊಸೆವೂರು, ಅಂದರೆ ಈಗಿನ ಅಂಗಡಿ, ಪಕ್ಕದ ಮೂಡಿಗೆರೆ ತಾಲ್ಲೂಕಿನಲ್ಲಿದೆ. ವಿಷ್ಣುವರ್ಧನನ ಮುಂದೆ ದೂತನಾಗಿ ಬಂದು ನಾಲ್ಕು ಮಾತು ಹೇಳಿ ಹೋಗುವವನನ್ನೂ ಈ ಸೀಮೆಯಲ್ಲಿ ಹುಡುಕಿ.

ಆ ಕರ್ಣನ ಹುಡುಗ ನಾಟಕ ಮುಗಿದ ಬೆಳಗಿನ ಜಾವ ಮುಖದ ಬಣ್ಣ ಒರೆಸಿಕೊಳ್ಳುತ್ತಾ ಕೇಳಿದ, "ಮೇಷ್ಟ್ರೇ, ನಮ್ಮಂಥವರನ್ನ ಸಿನಿಮಾದವರು ಕರೀತಾರಾ?" ಬಾಲಣ್ಣನ ಕತೆ ಹೇಳಿದೆ. ಕಿವಿಯ ವಿಷಯ ಬಂದಾಗ ಅವನು ಒರೆಸುವುದನ್ನು ನಿಲ್ಲಿಸಿದ. ಸ್ವಲ್ಪ ಹೊತ್ತು ನನ್ನ ತುಟಿಯನ್ನೇ ನೋಡುತ್ತಾ ಕೂತಿದ್ದ.